ತುಪ್ಪ ನಿಮ್ಮದು, ಲೆಕ್ಕವೂ ನಿಮ್ಮ ಹೆಸರಿನಲ್ಲೇ ಇರಲಿ

ಹಾಲು ಉತ್ಪಾದಕ ಸಹೋದರಿಯರೇ,

ಕೆಚ್ಚಲು ಬಾವು ಬಂದ ಹಸುವೊಂದನ್ನು ನೋಡಲು ಮೊನ್ನೆ ಒಂದು ಮನೆಗೆ ಹೋಗಿದ್ದೆ. ಚಿಕಿತ್ಸೆ ಮುಗಿಸಿ ಕೈ ತೊಳೆಯುವಾಗ ಮನೆಯಾಕೆ ಕೇಳಿದರು: "ಡಾಕ್ಟ್ರೇ, ಮೊಬೈಲಲ್ಲಿ ತುಪ್ಪ ಮಾರಿದ್ರೆ ಸರ್ಕಾರಕ್ಕೆ ಲೆಕ್ಕ ಹೋಗ್ತದಂತೆ. ಮಾರೋದು ನಿಲ್ಲಿಸಿಬಿಡ್ಲಾ?" ಸಂಘಕ್ಕೆ ಹಾಲು ಹಾಕಿ, ಮನೆಗೆಂದು ಉಳಿಸಿಕೊಂಡದ್ದರಲ್ಲಿ ಬೆಣ್ಣೆ ಕಡೆದು ಕಾಯಿಸಿದ ತುಪ್ಪ ಅದು. ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. "ಮಗಂದು" ಎಂದರು. ಮಗ ಪೇಟೆಯಲ್ಲಿ ಸಂಬಳದ ಕೆಲಸದಲ್ಲಿದ್ದಾನೆ.

ನನಗೆ ಚಿಂತೆಯಾದದ್ದು ಲೆಕ್ಕ ಹೋಗುವುದರ ಬಗ್ಗೆ ಅಲ್ಲ, ಅದು ಆಕೆಯ ಹೆಸರಿನಲ್ಲಿ ಹೋಗುತ್ತಿಲ್ಲವಲ್ಲ ಎಂದು.

ನಾನು ದನದ ಡಾಕ್ಟರ್, ತೆರಿಗೆ ಪಂಡಿತೆಯಲ್ಲ. ಆದರೂ ನಿಯಮ ನಾವು ಹೆದರಿದಷ್ಟು ಕಠಿಣವಿಲ್ಲ. ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿ ಮಾರಾಟಗಾರರ ಹಣದಲ್ಲಿ ಆದಾಯ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ 2020ರ ಅಕ್ಟೋಬರ್‌ನಲ್ಲಿ ಬಂತು. ಆಗ ಸಾವಿರಕ್ಕೆ 10 ರೂಪಾಯಿ ಇತ್ತು. 2024ರ ಅಕ್ಟೋಬರ್‌ನಿಂದ ಸಾವಿರಕ್ಕೆ 1 ರೂಪಾಯಿ ಆಗಿದೆ. ಅಲ್ಲಿ ನಿಮ್ಮ ವರ್ಷದ ಮಾರಾಟ 5 ಲಕ್ಷ ದಾಟದಿದ್ದರೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ, ಅದನ್ನೂ ಹಿಡಿಯುವಂತಿಲ್ಲ. ಎರಡನ್ನೂ ಕೊಡದಿದ್ದರೆ ಮಾತ್ರ ಸಾವಿರಕ್ಕೆ 50 ರೂಪಾಯಿ ಹೋಗುತ್ತದೆ. ಹಿಡಿದ ಹಣವೂ ಮುಳುಗಿದಂತಲ್ಲ. ನೀವು ತೆರಿಗೆ ಕಟ್ಟಬೇಕಾದಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಜಿಎಸ್‌ಟಿ ಬೇರೆ. ಹಾಲಿಗೆ ಜಿಎಸ್‌ಟಿ ಇಲ್ಲ, ತುಪ್ಪಕ್ಕೆ ಇದೆ. ಮೊದಲು ಇಂಥ ಮಾರುಕಟ್ಟೆಯಲ್ಲಿ ತುಪ್ಪ ಮಾರಲು ಎಷ್ಟೇ ಸಣ್ಣವರಾದರೂ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್‌ನಿಂದ, ವರ್ಷದ ಒಟ್ಟು ವ್ಯಾಪಾರ 40 ಲಕ್ಷದೊಳಗಿದ್ದು ಕರ್ನಾಟಕದೊಳಗೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಹೊರರಾಜ್ಯಕ್ಕೆ ಒಂದು ಡಬ್ಬಿ ಕಳಿಸಬೇಕಾದರೂ ನೋಂದಣಿ ಬೇಕು, ಇದನ್ನು ಮರೆಯಬೇಡಿ.

ನೋಂದಣಿ ಇಲ್ಲದವರ ಮಾರಾಟದ ವಿವರವನ್ನೂ ಕಂಪನಿ ಸರ್ಕಾರಕ್ಕೆ ಕೊಡುತ್ತದೆ. ಹಾಗಾಗಿ "ರೈತರಿಗೆ ತೆರಿಗೆ ಇಲ್ಲ" ಎಂದು ಸುಮ್ಮನಿರುವಂತಿಲ್ಲ. ಹೈನುಗಾರಿಕೆಯ ಆದಾಯ ತೆರಿಗೆ ಕಾನೂನಿನಲ್ಲಿ ಕೃಷಿ ಆದಾಯವಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೊಂದು ಗಾಬರಿಯಾಯಿತು, ನೆನಪಿರಬಹುದು. ಯಾವ ಹಣ ಹಾಲಿನದು, ಯಾವುದು ಮನೆಯದು ಎಂದು ಬರೆದಿಟ್ಟವರಿಗೆ ಉತ್ತರ ಕೊಡುವುದು ಸುಲಭ.

ಈಗ ಆ ಮನೆಯ ವಿಷಯ. ತುಪ್ಪದ ಹಣ ಮಗನ ಲೆಕ್ಕದಲ್ಲಿ ಸೇರಿದರೆ ಅವನ ಸಂಬಳದ ಜೊತೆ ಕೂಡುತ್ತದೆ, ಉತ್ತರ ಕೊಡಬೇಕಾದವನು ಅವನು. ಬೆಳಗಿನ ಜಾವ ಎದ್ದು ದುಡಿದ ತಾಯಿಯ ಹೆಸರು ಎಲ್ಲೂ ಇಲ್ಲ. ನಾಳೆ ಇನ್ನೊಂದು ಹಸು ಕೊಳ್ಳಲು ಆಕೆ ಬ್ಯಾಂಕಿಗೆ ಹೋದರೆ "ನಿಮ್ಮ ಆದಾಯಕ್ಕೆ ದಾಖಲೆ ಏನು?" ಎನ್ನುತ್ತಾರೆ. ಹಸುವಿನ ಕಿವಿಯಲ್ಲೂ 12 ಅಂಕಿಯ ಓಲೆ ಇದೆ. ದುಡಿಯುವ ಹೆಣ್ಣಿಗೆ ತನ್ನ ಹೆಸರಿನ ಲೆಕ್ಕ ಬೇಡವೇ?

ಲೆಕ್ಕ ನಮಗೆ ಹೊಸದಲ್ಲ. ಡೇರಿ ಚೀಟಿಯಲ್ಲಿ ಜಿಡ್ಡಿನ ಅಂಕಿ ಸ್ವಲ್ಪ ಇಳಿದರೂ ಕಾರ್ಯದರ್ಶಿಯನ್ನು ಕೇಳುವವರು ನೀವು. ಅದೇ ಕಣ್ಣು ಇಲ್ಲೂ ಇರಲಿ. ಖಾತೆ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರೂ ನಿಮ್ಮ ಹೆಸರಿನಲ್ಲಿರಲಿ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ತೂಕ, ಬಂದ ಹಣ, ಹಿಡಿದ ಹಣ ಬರೆಯಿರಿ.

ಹೊಣೆ ನಿಮ್ಮೊಬ್ಬರದೇ ಅಲ್ಲ. ಹಣ ಹಿಡಿಯುವ ಕಂಪನಿಗಳು ಅದರ ವಿವರವನ್ನು ಕನ್ನಡದಲ್ಲಿ ಕೊಡಬೇಕು. ನಮ್ಮ ತರಬೇತಿಗಳಲ್ಲಿ ಮೇವು, ಕೆಚ್ಚಲು ಬಾವಿನ ಪಾಠದ ಜೊತೆ ಒಂದು ಗಂಟೆ ಈ ಲೆಕ್ಕಕ್ಕೂ ಮೀಸಲಿಡಬೇಕು. ಮುಂದಿನ ಸಂಘದ ಸಭೆಯಲ್ಲಿ ನೀವೇ ಎದ್ದು ಕೇಳಿ. ನಾನೂ ನಿಮ್ಮ ಜೊತೆ ಕೂತು ಕಲಿಯುತ್ತೇನೆ.