ಸಿಗಡಿ ತಿಂದು ಮೈ ತುರಿಸಿದರೆ ಅದು ಬರೀ 'ನಂಜು' ಆಗಿರುತ್ತದೆಯೇ? ರಜೆಯ ತಿರುಗಾಟ ಮತ್ತು ಆಹಾರದ ಅಲರ್ಜಿ

ಏಪ್ರಿಲ್, ಮೇ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳು ಬೆಂಗಳೂರು, ಮುಂಬೈಯಿಂದ ಬಂದ ಮಕ್ಕಳಿಂದ ತುಂಬುತ್ತವೆ. ಬೆಳಿಗ್ಗೆ ಕೊಲ್ಲೂರು, ಮಧ್ಯಾಹ್ನ ಮೀನೂಟ, ಸಂಜೆ ಮರವಂತೆ ಬೀಚ್. ಫ್ಯಾಮಿಲಿ ಗ್ರೂಪ್‌ಗಳಲ್ಲಿ ಬರುವ ಮನೆಮದ್ದಿನ ಸಂದೇಶಗಳಿಗೂ ಬರವಿಲ್ಲ. ಸಿಗಡಿ ತಿಂದು ಮೈ ತುರಿಸಿದರೆ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು ಕುಡಿಯಿರಿ, ತಕ್ಷಣ ಗುಣ ಎನ್ನುತ್ತದೆ ಒಂದು. ದಿನಾ ಚೂರು ಚೂರು ತಿಂದರೆ ಅಲರ್ಜಿ ತಾನಾಗಿ ಹೋಗುತ್ತದೆ ಎನ್ನುತ್ತದೆ ಇನ್ನೊಂದು. ಮೊದಲನೆಯದರಿಂದ ಸಮಯ ಹಾಳಾಗುತ್ತದೆ. ಎರಡನೆಯದರಿಂದ ಜೀವವೇ ಹೋಗಬಹುದು.

ನಮ್ಮ ಕರಾವಳಿಯಲ್ಲಿ 'ನಂಜು' ಎಂಬ ಒಂದೇ ಮಾತಿಗೆ ಹತ್ತು ಅರ್ಥ. ಗಾಯ ಇದ್ದವರಿಗೆ ಸಿಗಡಿ ನಂಜು, ಏಡಿ ನಂಜು, ಬದನೆಯೂ ನಂಜು. ಮೈ ಮೇಲೆ ದದ್ದು ಎದ್ದರೆ 'ನಂಜಾಯ್ತು' ಎಂದು ಎರಡು ದಿನ ಪಥ್ಯ ಮಾಡಿ ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಅದರಿಂದ ಅಪಾಯವೂ ಆಗುವುದಿಲ್ಲ, ಆದ್ದರಿಂದಲೇ ನಂಬಿಕೆ ಗಟ್ಟಿಯಾಗಿದೆ. ಆದರೆ ನಿಜವಾದ ಆಹಾರದ ಅಲರ್ಜಿಯೇ ಬೇರೆ. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಆಹಾರದ ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪು ತಿಳಿಯುತ್ತದೆ. ಸಿಗಡಿ, ಏಡಿಗಳಲ್ಲಿ ಆ ಪ್ರೋಟೀನಿನ ಹೆಸರು ಟ್ರೋಪೊಮಯೋಸಿನ್. ಎಷ್ಟು ಬೇಯಿಸಿದರೂ ಅದು ಹಾಳಾಗುವುದಿಲ್ಲ. ಮೀನಿನಲ್ಲಿರುವುದು ಬೇರೆ ಪ್ರೋಟೀನ್. ಹಾಗಾಗಿ ಸಿಗಡಿ ಆಗದವರಿಗೆ ಬಂಗುಡೆ ಆಗಬಹುದು. ತೊಂದರೆ ಇರುವುದು ತವಾದಲ್ಲಿ. ಸಿಗಡಿ ಹುರಿದ ಎಣ್ಣೆಯಲ್ಲೇ ಬಂಗುಡೆ ಹುರಿದರೆ ಬಂಗುಡೆ ತಿಂದರೂ ಸಿಗಡಿ ತಿಂದಂತೆಯೇ.

ಅಲರ್ಜಿ ತೀವ್ರವಾದಾಗ ಅದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ. ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕುಳಿತುಕೊಳ್ಳಿ ಎಂದದ್ದು ನೆನಪಿದೆಯಲ್ಲ? ಅದು ಮುಖ್ಯವಾಗಿ ಇದನ್ನು ಗಮನಿಸಲಿಕ್ಕೇ. ತುಟಿ, ನಾಲಿಗೆ ಊದುವುದು, ದನಿ ಬದಲಾಗುವುದು, ಉಸಿರಾಟದಲ್ಲಿ ಸೀಟಿಯಂಥ ಸದ್ದು, ಮೇಲಿಂದ ಮೇಲೆ ವಾಂತಿ, ತಲೆ ತಿರುಗಿ ಬೀಳುವುದು ಇದರ ಲಕ್ಷಣಗಳು. ಕೆಲವೊಮ್ಮೆ ಚರ್ಮದ ಮೇಲೆ ಒಂದು ದದ್ದೂ ಇರುವುದಿಲ್ಲ, 'ಮೈ ತುರಿಸಿಲ್ಲ, ಹಾಗಾಗಿ ಅಲರ್ಜಿ ಅಲ್ಲ' ಎಂದು ಮನೆಯವರು ಮೋಸ ಹೋಗುವುದು ಇಲ್ಲಿ.

ಇದಕ್ಕೆ ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುತ್ತಾರೆ, ಬೇಕಾದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಇದು ದುಬಾರಿ ಔಷಧವೂ ಅಲ್ಲ. ಲಸಿಕೆ ಹಾಕುವ ಕಡೆಗಳಲ್ಲಿ ಇಟ್ಟುಕೊಳ್ಳುವ ತುರ್ತು ಕಿಟ್‌ನಲ್ಲೇ ಇದು ಇರುತ್ತದೆ. ಸಿಟ್ರಿಜಿನ್, ಅವಿಲ್ ಮಾತ್ರೆಗಳಿಂದ ತುರಿಕೆ ಇಳಿಯುತ್ತದೆ, ಮುಚ್ಚುತ್ತಿರುವ ಶ್ವಾಸನಾಳ ತೆರೆಯುವುದಿಲ್ಲ. ಪುನರ್ಪುಳಿ ಬೇಸಿಗೆಗೆ ಒಳ್ಳೆಯ ಪಾನೀಯ, ಅದರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಗಂಟಲು ಊದಿದವರ ಬಾಯಿಗೆ ಏನನ್ನೂ ಹೊಯ್ಯಬಾರದು.

ಇನ್ನೊಂದು ತಪ್ಪು ನಮ್ಮ ಕಡೆ ತುಂಬಾ ಸಾಮಾನ್ಯ: ಸುಸ್ತಾದವರನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಓಡುವುದು. ರಕ್ತದೊತ್ತಡ ಕುಸಿದವರನ್ನು ಎಬ್ಬಿಸಿ ನಿಲ್ಲಿಸಿದರೆ, ಕೂರಿಸಿದರೆ ಹೃದಯವೇ ನಿಲ್ಲಬಹುದು. ಮಲಗಿಸಿ, ಕಾಲು ಎತ್ತರಿಸಿ, 108ಕ್ಕೆ ಕರೆ ಮಾಡಿ. ಉಸಿರಾಡಲು ಕಷ್ಟವಾಗುತ್ತಿದ್ದರೆ ಮಾತ್ರ ಒರಗಿ ಕೂರಲು ಬಿಡಿ. ಕೊಲ್ಲೂರಿನಲ್ಲಿದ್ದು 'ಮಣಿಪಾಲಕ್ಕೇ ಹೋಗುವ' ಎನ್ನಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ಆಗಲಿ, ದೊಡ್ಡ ಆಸ್ಪತ್ರೆ ಆಮೇಲೆ. ಗುಣವಾದಂತೆ ಕಂಡರೂ ಕೆಲವರಿಗೆ ಕೆಲವು ಗಂಟೆಗಳ ನಂತರ ಮತ್ತೆ ಕೆರಳುವುದುಂಟು, ಆದ್ದರಿಂದ ವೈದ್ಯರು ಇರಿ ಎಂದಷ್ಟು ಹೊತ್ತು ಅಲ್ಲೇ ಇರಬೇಕು.

'ಚೂರು ಚೂರು' ಅಭ್ಯಾಸದ ವಿಷಯಕ್ಕೆ ಬರೋಣ. ಅನಾಫಿಲಾಕ್ಸಿಸ್ ಎಂಬ ಹೆಸರು ಹುಟ್ಟಿದ್ದೇ ಈ ನಂಬಿಕೆ ತಲೆಕೆಳಗಾದಾಗ. ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೇ ಸೀ ಅನಿಮೋನ್ ಎಂಬ ಕಡಲ ಜೀವಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಕೊಟ್ಟು, ಅವಕ್ಕೆ ತಡೆಯುವ ಶಕ್ತಿ ಬರುತ್ತದೆಯೇ ಎಂದು ನೋಡುತ್ತಿದ್ದರು. ಕೆಲವು ವಾರಗಳ ನಂತರ ಮತ್ತೆ ಅಲ್ಪ ಪ್ರಮಾಣ ಕೊಟ್ಟಾಗ ನಾಯಿ ನಿಮಿಷಗಳಲ್ಲೇ ಸತ್ತಿತು. ಇದು 1902ರ ಮಾತು. 1913ರಲ್ಲಿ ರಿಶೆಗೆ ನೊಬೆಲ್ ಬಂತು. ಈಗ ಕಡಲೆಕಾಯಿ ಅಲರ್ಜಿಯಂಥ ಕೆಲವಕ್ಕೆ ಅತಿ ಸಣ್ಣ ಪ್ರಮಾಣ ಕೊಟ್ಟು ಏರಿಸುತ್ತಾ ಹೋಗುವ ಚಿಕಿತ್ಸೆ ಇದೆ, ನಿಜ. ಅದು ತಜ್ಞ ವೈದ್ಯರ ಕಣ್ಣೆದುರು ಅಳತೆ ಮಾಡಿ ಕೊಡುವಂಥದ್ದು. ಮದುವೆ ಮನೆಯಲ್ಲಿ 'ಹ್ವಾಯ್, ಚೂರ್ ತಿಂದ್ರೆ ಎಂತ ಆತಿಲ್ಲೆ' ಎಂದು ಬಡಿಸುವುದು ಚಿಕಿತ್ಸೆಯಲ್ಲ. ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ಹೋಗಿಬಿಡುತ್ತದೆ. ಸಿಗಡಿ, ಮೀನು, ಗೇರುಬೀಜದ್ದು ಸಾಮಾನ್ಯವಾಗಿ ಉಳಿಯುತ್ತದೆ.

ಇದರ ನಡುವೆ ಅಲರ್ಜಿಯೇ ಅಲ್ಲದ ಒಂದು ಅಲರ್ಜಿ ಇದೆ. ಬಂಗುಡೆ, ಬೂತಾಯಿ, ಕೇದರ ಜಾತಿಯ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ತಯಾರಿಸುತ್ತವೆ. ಎಷ್ಟು ಬೇಯಿಸಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ಮೈ ಉರಿದು, ತಲೆ ಸಿಡಿಯುತ್ತದೆ, ನೋಡಿದರೆ ಥೇಟ್ ಅಲರ್ಜಿ. ಒಂದೇ ಮೀನು ತಿಂದ ಮೂರ್ನಾಲ್ಕು ಮಂದಿಗೆ ಒಟ್ಟಿಗೇ ಆದರೆ ಇದನ್ನೇ ಮೊದಲು ಶಂಕಿಸಬೇಕು. ಆ ವ್ಯಕ್ತಿ ಜೀವನವಿಡೀ ಮೀನು ಬಿಡಬೇಕಾಗಿಲ್ಲ. ಆದರೆ ಅದನ್ನು ತೀರ್ಮಾನಿಸುವುದು ವೈದ್ಯರು.

ಹೊರಗೆ ಉಣ್ಣುವಾಗ ಕಾನೂನು ಎಷ್ಟು ಕಾಪಾಡುತ್ತದೆ? ಎಫ್‌ಎಸ್‌ಎಸ್‌ಎಐ 2020ರ ನಿಯಮದ ಪ್ರಕಾರ ಪ್ಯಾಕೆಟ್ ಆಹಾರದ ಮೇಲೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಹಾಗೂ ಗೇರುಬೀಜದಂಥ ಬೀಜಗಳು, ಸೋಯಾ, ಸಲ್ಫೈಟ್ ಇದ್ದರೆ ಬರೆಯಬೇಕು. ನಮ್ಮ ಮಳಿ, ಅಂದರೆ ಮರುವಾಯಿ, ಆ ಪಟ್ಟಿಯಲ್ಲಿಲ್ಲ. ಎಳ್ಳೂ ಇಲ್ಲ. ಹೋಟೆಲ್ ಮೆನುವಿನಲ್ಲಿ ಅಲರ್ಜಿ ಮಾಹಿತಿ ಕೊಡುವ ನಿಯಮ ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವವರಿಗೆ. ಹೆದ್ದಾರಿ ಬದಿಯ ಮೀನೂಟದ ಹೋಟೆಲಿಗೆ ಅದು ತಟ್ಟುವುದಿಲ್ಲ. ಅಲ್ಲಿ ಕೇಳುವ ರೀತಿಯೇ ಮುಖ್ಯ. 'ಗೇರುಬೀಜ ಇದೆಯಾ?' ಎಂದರೆ ಬಡಿಸುವ ಹುಡುಗ 'ಇಲ್ಲ' ಎಂದುಬಿಡಬಹುದು. ಅಡುಗೆಯವರನ್ನೇ ಕರೆದು 'ಗಸಿ ದಪ್ಪ ಬರಲು ಏನು ರುಬ್ಬುತ್ತೀರಿ? ಈ ತವಾದಲ್ಲಿ ಸಿಗಡಿಯನ್ನೂ ಹುರಿಯುತ್ತೀರಾ?' ಎಂದು ಕೇಳಿದರೆ ನಿಜ ಹೊರಬರುತ್ತದೆ. ದೇವಸ್ಥಾನದ ಊಟದಲ್ಲಿ ಮೀನಿಲ್ಲ, ನಿಶ್ಚಿಂತೆ ಎಂದುಕೊಳ್ಳುವವರು ಪಾಯಸದ ಗೇರುಬೀಜ, ಪಂಚಕಜ್ಜಾಯದ ಎಳ್ಳನ್ನು ಮರೆಯುತ್ತಾರೆ. ಪ್ರಸಾದವೆಂದು ಪ್ರೋಟೀನ್ ಬದಲಾಗುವುದಿಲ್ಲ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ ಯಾರಿಗೂ ಅಪಚಾರವಲ್ಲ.

ಶಾಲಾ ಪ್ರವಾಸಕ್ಕೆ ಬೆಂಗಳೂರು, ಮೈಸೂರಿನ ವಾಟರ್ ಪಾರ್ಕ್‌ಗಳಿಗೆ ಹೋಗುವ ಮಕ್ಕಳ ಕಥೆ ಸ್ವಲ್ಪ ಬೇರೆ. ಇಂಥ ಪಾರ್ಕ್‌ಗಳಲ್ಲಿ ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ವೈದ್ಯರ ಚೀಟಿ ತೋರಿಸಿದರೆ ಡಬ್ಬಿ ಒಯ್ಯಬಹುದೇ ಎಂದು ಹೊರಡುವ ಮೊದಲೇ ಫೋನಿನಲ್ಲಿ ಕೇಳಿ. ಜೊತೆಗೆ ಹೋಗುವ ಮೇಷ್ಟ್ರಿಗೆ ಮಗುವಿಗೆ ಏನು ಆಗದು, ಆದರೆ ಏನು ಮಾಡಬೇಕು ಎಂದು ಕನ್ನಡದಲ್ಲೇ ಒಂದು ಹಾಳೆ ಬರೆದುಕೊಡಿ. ಕೆಲವರಿಗೆ ಗೋಧಿ ಅಥವಾ ಸಿಗಡಿ ಸುಮ್ಮನೆ ತಿಂದರೆ ಏನೂ ಆಗದು, ತಿಂದ ಕೂಡಲೇ ಓಡಿದರೆ, ಈಜಿದರೆ ಮಾತ್ರ ಕೆರಳುತ್ತದೆ. ಅಂಥವರು ಊಟವಾದ ಕೂಡಲೇ ನೀರಿಗಿಳಿಯಬಾರದು.

ವೈದ್ಯರು ಅಡ್ರಿನಲಿನ್ ಬರೆದುಕೊಟ್ಟು ಬಳಸಲು ಕಲಿಸಿದ್ದರೆ ಅದು ಮಗುವಿನ ಜೊತೆಗೇ ಇರಬೇಕು, ಹೋಟೆಲ್ ರೂಮಿನಲ್ಲಲ್ಲ. ಮರವಂತೆಯ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲೂ ಅಲ್ಲ, ಆ ಬಿಸಿಗೆ ಮದ್ದು ಕೆಡುತ್ತದೆ.