ವಾಂತಿಭೇದಿಯ ವಿಷವೂ ಶಂಭುನಾಥ ದೇ ಅವರ ಋಣವೂ

ಕಾಲರಾ ಎಂದೊಡನೆ, ಕಣ್ಣಿಗೆ ಕಾಣದ ಕ್ರಿಮಿಯೊಂದು ಕರುಳನ್ನು ಕೊರೆದು ತಿನ್ನುತ್ತದೆಂದು ಭಾವಿಸುವವರೂ, ಭೇದಿಯಾಗುತ್ತಿರುವ ಮಗುವಿಗೆ ನೀರು ಕುಡಿಸಿದರೆ ಅದು ಇಮ್ಮಡಿಯಾದೀತೆಂದು ಹೆದರಿ ಬಟ್ಟಲನ್ನು ದೂರವಿಡುವವರೂ ನಮ್ಮಲ್ಲಿ ಇಂದಿಗೂ ಉಂಟು. ರೋಗವನ್ನು ಉಂಟುಮಾಡತಕ್ಕದ್ದು ಆ ಕ್ರಿಮಿ ಸ್ರವಿಸುವ ಒಂದು ಪ್ರೋಟೀನು ಎಂಬ ಸಂಗತಿ ಪ್ರಯೋಗಶಾಲೆಯಿಂದ ಹೊರಟು ನಮ್ಮ ಅಡುಗೆಮನೆಗಳನ್ನು ಇನ್ನೂ ಮುಟ್ಟಿಲ್ಲ.

1884ರಲ್ಲಿ ಕಲ್ಕತ್ತೆಯಲ್ಲಿ ಈ ಕ್ರಿಮಿಯನ್ನು ಪರೀಕ್ಷಿಸಿದ ರಾಬರ್ಟ್ ಕಾಖ್, ಅದರಿಂದ ವಿಷವೊಂದು ಹೊರಡುತ್ತಿರಬೇಕೆಂದು ಊಹಿಸಿದ್ದನು. ಆ ಊಹೆಯನ್ನು ಪ್ರಮಾಣಪಡಿಸುವ ಪುಣ್ಯ 1959ರಲ್ಲಿ ಅದೇ ನಗರದ ರೋಗಶಾಸ್ತ್ರಜ್ಞ ಶಂಭುನಾಥ ದೇ ಅವರಿಗೆ ಒದಗಿತು. ಮೊಲದ ಸಣ್ಣ ಕರುಳಿನ ಭಾಗವೊಂದನ್ನು ಒಡಲಿನಲ್ಲಿರುವಂತೆಯೇ ಎರಡೂ ಕಡೆ ದಾರದಿಂದ ಬಿಗಿದು, ಕ್ರಿಮಿಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನು ಅದರೊಳಗೆ ಸೇರಿಸಿದಾಗ, ಕರುಳು ನೀರು ತುಂಬಿ ಉಬ್ಬಿತು.

ಆ ವಿಷದ ವರ್ತನೆ ಅತ್ಯಂತ ಸೂಕ್ಷ್ಮವಾದದ್ದು. ಅದರ ಐದು ಸಮಾನ ಘಟಕಗಳು ಕರುಳಿನ ಜೀವಕೋಶದ ಹೊರಪೊರೆಯನ್ನು ಹಿಡಿದುಕೊಳ್ಳುತ್ತವೆ. ಆರನೆಯ ಘಟಕದ ಒಂದಂಶ ಒಳಹೊಕ್ಕು, ಕೋಶದ ಆಜ್ಞಾವಾಹಕ ಪ್ರೋಟೀನನ್ನು ವಿಕಾರಗೊಳಿಸಿ, ತೆರೆದ ತೂಬನ್ನು ಮರಳಿ ಮುಚ್ಚಲು ಬಾರದಂತೆ ಮಾಡಿಬಿಡುತ್ತದೆ. ಕ್ಲೋರೈಡು ಹೊರಕ್ಕೆ ಹರಿಯುತ್ತದೆ, ಅದರ ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ನೀರು; ರೋಗ ಉಲ್ಬಣಿಸಿದವರಲ್ಲಿ ಗಂಟೆಗೆ ಒಂದು ಲೀಟರಿನಷ್ಟು. ಆದರೂ ಕರುಳಿನ ಗೋಡೆ ಅಕ್ಷತವಾಗಿಯೇ ಉಳಿಯುತ್ತದೆ. ಸಕ್ಕರೆಯ ಜೊತೆಗೂಡಿ ಉಪ್ಪು ರಕ್ತಕ್ಕೆ ಸೇರುವ ಮಾರ್ಗ ಕೆಡುವುದಿಲ್ಲ. ಆದಕಾರಣವೇ ಸಕ್ಕರೆ, ಉಪ್ಪು ಬೆರೆಸಿದ ನೀರು ಪ್ರಾಣವನ್ನು ಉಳಿಸಬಲ್ಲದು. 1971ರಲ್ಲಿ ಪೂರ್ವ ಬಂಗಾಳದಿಂದ ಬನಗಾಂವಿಗೆ ಬಂದ ನಿರಾಶ್ರಿತರ ನಡುವೆ, ಸಿರೆಗೆ ಕೊಡುವ ದ್ರವ ಮುಗಿದುಹೋದಾಗ, ವೈದ್ಯ ದಿಲೀಪ್ ಮಹಾಲನಬೀಸರು ಇದನ್ನೇ ಪೀಪಾಯಿಗಳಲ್ಲಿ ತುಂಬಿಟ್ಟು ಕುಡಿಸಿದರು; ನೂರಕ್ಕೆ 30ರಷ್ಟಿದ್ದ ಮರಣ 4ಕ್ಕಿಂತ ಕೆಳಗಿಳಿಯಿತು.

ದೇ ಅವರನ್ನು ನೊಬೆಲ್ ಪುರಸ್ಕಾರಕ್ಕೆ ವಿಜ್ಞಾನಿ ಜೋಶುವಾ ಲೆಡರ್‌ಬರ್ಗರಂಥವರು ಸೂಚಿಸಿದರೂ, 1985ರಲ್ಲಿ ಅವರು ತೀರಿಕೊಳ್ಳುವವರೆಗೆ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲವೆಂಬುದು ನನಗೆ ಅಸಹ್ಯ ವೇದನೆಯ ವಿಷಯ. 1990ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆಯನ್ನು ತಂದದ್ದೊಂದೇ ಸಮಾಧಾನ. ನಮ್ಮ ಕನ್ನಡ ಶಾಲೆಗಳಲ್ಲಿ ಕಾಲರಾದ ಪಾಠ ಹೇಳುವಾಗಲೆಲ್ಲ ಕಾಖ್‌ನ ಹೆಸರಿನೊಡನೆ ದೇ ಅವರ ಹೆಸರೂ, ಆ ಮೊಲದ ಪ್ರಯೋಗವೂ ಬರಬೇಕು. ಅದೇ ಸಕ್ಕರೆ-ಉಪ್ಪಿನ ಓಆರ್‌ಎಸ್ ಪೊಟ್ಟಣವನ್ನು ತಾಯಿಯ ಕೈಗಿಡುವ ಆಶಾ ಕಾರ್ಯಕರ್ತೆ, ಭೇದಿ ನಿಲ್ಲುವ ಮುನ್ನವೇ ಅದನ್ನು ಗುಟುಕು ಗುಟುಕಾಗಿ ಏತಕ್ಕೆ ಕುಡಿಸಬೇಕೆಂಬುದನ್ನೂ ಬಿಡಿಸಿ ಹೇಳಬೇಕು.