ಸಾಧಕರ ಕುರ್ಚಿಯೂ ಗೋವಾದ ಕನ್ನಡ ಶಾಲೆಗಳೂ

ಗೋವಾದಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಕನ್ನಡ ಬೀಳುವ ತಾಣಗಳು ಮುಖ್ಯವಾಗಿ ಮೂರು: ಮನೆ, ತರಗತಿ ಮತ್ತು ಕಿರುತೆರೆ. ಬೀದಿಯಲ್ಲಿ ಕೊಂಕಣಿ, ಕೆಲಸದ ಸ್ಥಳದಲ್ಲಿ ಹಿಂದಿ, ಅರ್ಜಿಯಲ್ಲಿ ಇಂಗ್ಲಿಷ್. 2011ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಶೇಕಡಾ 4ಕ್ಕೂ ಅಧಿಕ. ಇಷ್ಟು ಜನರಿದ್ದರೂ ನಮ್ಮ ಭಾಷೆಗೆ ಇಲ್ಲಿ ಸಾರ್ವಜನಿಕ ಸ್ಥಳ ಕಡಿಮೆ. ಆದ್ದರಿಂದ ತೆರೆಯ ಮೇಲೆ ಯಾವ ಕನ್ನಡ ಕೇಳಿಸುತ್ತದೆ, ಅದು ಯಾರ ಬದುಕನ್ನು ಹೇಳುತ್ತದೆ ಎಂಬುದು ನಮಗೆ ಬರಿಯ ಮನರಂಜನೆಯ ವಿಷಯವಲ್ಲ, ಶಿಕ್ಷಣದ ವಿಷಯವೂ ಹೌದು. ಈ ದೃಷ್ಟಿಯಿಂದ ರಮೇಶ್ ಅರವಿಂದ್ ಅವರ ಕಿರುತೆರೆ ಬದುಕನ್ನು ಪರಿಶೀಲಿಸುವುದು ಉಪಯುಕ್ತವೆಂದು ಭಾವಿಸುತ್ತೇವೆ.

ರಮೇಶ್ ಹುಟ್ಟಿದ್ದು 1964ರಲ್ಲಿ, ತಮಿಳುನಾಡಿನ ಕುಂಭಕೋಣದಲ್ಲಿ. ಮನೆಮಾತು ತಮಿಳು. ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದು, 1986ರಲ್ಲಿ ಕೆ. ಬಾಲಚಂದರ್ ನಿರ್ದೇಶನದ 'ಸುಂದರ ಸ್ವಪ್ನಗಳು' ಚಿತ್ರದ ಮೂಲಕ ತೆರೆಗೆ ಬಂದರು. 'ಅಮೆರಿಕ ಅಮೆರಿಕ', 'ನಮ್ಮೂರ ಮಂದಾರ ಹೂವೇ' ಚಿತ್ರಗಳು ಅವರನ್ನು ಮನೆಮಾತಾಗಿಸಿದವು. ತಮಿಳು ಚಿತ್ರಗಳಲ್ಲಿಯೂ ನಟಿಸಿದರು. 2005ರಲ್ಲಿ 'ರಾಮ ಶಾಮ ಭಾಮ' ಚಿತ್ರದಲ್ಲಿ ಕಮಲ್ ಹಾಸನ್ ಅವರನ್ನೇ ಕನ್ನಡದಲ್ಲಿ ನಿರ್ದೇಶಿಸಿದರು. ಮನೆಯಲ್ಲಿ ಒಂದು ಭಾಷೆ, ಓದಿನಲ್ಲಿ ಮತ್ತೊಂದು, ದುಡಿಮೆಯಲ್ಲಿ ಕನ್ನಡ. ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಅಂಜುವ ಪಾಲಕರು ಇದನ್ನು ಗಮನಿಸಬೇಕು. ಹಲವು ಭಾಷೆಗಳನ್ನು ಬಲ್ಲವರೇ ಒಂದು ಭಾಷೆಯಲ್ಲಿ ಆಳವಾಗಿ ನೆಲೆಯೂರಬಲ್ಲರು. ಆದರೆ ಆ ಒಂದು ಭಾಷೆಯನ್ನು ಪ್ರತಿದಿನ ಗೌರವದಿಂದ ಬಳಸಬೇಕು.

ಇನ್ನು ಕಿರುತೆರೆಯ ಕೆಲಸಕ್ಕೆ ಬರೋಣ. 2014ರ ಆಗಸ್ಟ್‌ನಲ್ಲಿ ಜೀ ಕನ್ನಡ ವಾಹಿನಿಯಲ್ಲಿ 'ವೀಕೆಂಡ್ ವಿತ್ ರಮೇಶ್' ಆರಂಭವಾಯಿತು. ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. ಕಾರ್ಯಕ್ರಮದ ವಿಧಾನ ಸರಳ: ಅತಿಥಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಹುಟ್ಟೂರಿನಿಂದ ಮೊದಲ್ಗೊಂಡು ಇಂದಿನವರೆಗಿನ ಬದುಕನ್ನು ಅವರ ಮುಂದೆಯೇ ಬಿಡಿಸುತ್ತಾರೆ. ಹಳೆಯ ಭಾವಚಿತ್ರಗಳು, ಬಾಲ್ಯದ ಗೆಳೆಯರು, ಪಾಠ ಹೇಳಿದ ಗುರುಗಳು ಒಬ್ಬೊಬ್ಬರಾಗಿ ಬರುತ್ತಾರೆ. 2018ರಲ್ಲಿ ಅವರು ಸ್ಟಾರ್ ಸುವರ್ಣದಲ್ಲಿ 'ಕನ್ನಡದ ಕೋಟ್ಯಧಿಪತಿ'ಯನ್ನೂ ನಡೆಸಿಕೊಟ್ಟರು. ನಿರ್ಮಾಪಕರಾಗಿ ಉದಯ ವಾಹಿನಿಗೆ 'ಸುಂದರಿ', ಸ್ಟಾರ್ ಸುವರ್ಣಕ್ಕೆ 'ಆಸೆ' ಧಾರಾವಾಹಿಗಳನ್ನು ನೀಡಿದರು.

ಈ ಪಟ್ಟಿಯನ್ನು ಸೂಕ್ಷ್ಮವಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 'ಕೋಟ್ಯಧಿಪತಿ'ಯ ಮೂಲ ಬ್ರಿಟನ್ನಿನದು. 'ಆಸೆ' ತಮಿಳು ಧಾರಾವಾಹಿಯೊಂದರ ಕನ್ನಡ ರೂಪ. 'ವೀಕೆಂಡ್ ವಿತ್ ರಮೇಶ್' ಮಾದರಿಯೂ ಪೂರ್ಣ ಹೊಸದಲ್ಲ: ಅಮೆರಿಕದಲ್ಲಿ 'ದಿಸ್ ಈಸ್ ಯುವರ್ ಲೈಫ್' 1948ರಲ್ಲಿಯೇ ಬಾನುಲಿಯಲ್ಲಿ ಆರಂಭವಾಗಿ 1952ರಲ್ಲಿ ದೂರದರ್ಶನಕ್ಕೆ ಬಂದಿತ್ತು; ಹಿಂದಿಯಲ್ಲಿ ಫಾರೂಕ್ ಶೇಖ್ ಅವರು 'ಜೀನಾ ಇಸೀ ಕಾ ನಾಮ್ ಹೈ' ನಡೆಸಿದ್ದರು. ಆದರೂ ಒಂದು ಮೂಲಭೂತ ವ್ಯತ್ಯಾಸವಿದೆ. ಧಾರಾವಾಹಿಯ ಕಥೆಯನ್ನು ನೆರೆಭಾಷೆಯಿಂದ ಕೊಂಡು ತರಬಹುದು. ಬದುಕನ್ನು ಕೊಂಡು ತರಲಾಗದು. ಮಾದರಿ ಎಲ್ಲಿಯದೇ ಇರಲಿ, ಕುರ್ಚಿಯಲ್ಲಿ ಕೂರುವವರನ್ನು ಕನ್ನಡ ಸಮಾಜದೊಳಗೇ ಹುಡುಕಬೇಕು, ಅವರ ಊರಿಗೆ ಹೋಗಬೇಕು, ಅವರ ಗುರುಗಳನ್ನು ಕಾಣಬೇಕು. ರಮೇಶ್ ಅವರ ಕೆಲಸಗಳಲ್ಲಿ ಈ ಕಾರ್ಯಕ್ರಮವೇ ಹೆಚ್ಚು ನೆನಪಿನಲ್ಲಿ ಉಳಿಯುವುದಕ್ಕೆ ಇದೇ ಕಾರಣವೆಂದು ನಾವು ತಿಳಿಯುತ್ತೇವೆ.

ನಟರಷ್ಟೇ ಅಲ್ಲಿಗೆ ಬಂದಿಲ್ಲ ಎಂಬುದೂ ಮುಖ್ಯ. 2019ರಲ್ಲಿ ನಾಲ್ಕನೆಯ ಸರಣಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರಿಂದ ಆರಂಭವಾಯಿತು. ಅದೇ ಸರಣಿಯಲ್ಲಿ ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ದಂಪತಿ ಬಂದರು. 2023ರ ಐದನೆಯ ಸರಣಿಯಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಕುಳಿತರು. ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರ ಮಾತು, ಹಾವೇರಿ, ಗದಗ, ಬಾಗಲಕೋಟೆ ಜಿಲ್ಲೆಗಳಿಂದ ಇಲ್ಲಿಗೆ ದುಡಿಯಲು ಬಂದ ಕುಟುಂಬಗಳಿಗೆ ತಮ್ಮ ಊರಿನ ಮಾತೇ ಆಗಿ ಕೇಳಿಸುತ್ತದೆ. ತಂತ್ರಜ್ಞಾನ, ವೈದ್ಯಕೀಯ, ದಾನಧರ್ಮ ಎಲ್ಲವನ್ನೂ ಕನ್ನಡದಲ್ಲಿ ಗಂಟೆಗಟ್ಟಲೆ ಮಾತನಾಡಬಹುದು ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. 'ಕನ್ನಡ ಓದಿ ಏನು ಪ್ರಯೋಜನ' ಎಂಬ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ. ಆದರೆ ಉತ್ತರದ ಒಂದು ಭಾಗ.

ಭಾಷೆಯ ವಿಚಾರದಲ್ಲಿ ಒಂದು ವಿವಾದವನ್ನೂ ನೆನೆಯಬೇಕು. 2023ರ ಮಾರ್ಚ್‌ನಲ್ಲಿ ಐದನೆಯ ಸರಣಿಯ ಮೊದಲ ಅತಿಥಿಯಾಗಿ ನಟಿ ರಮ್ಯಾ ಬಂದಾಗ, ಸಂಚಿಕೆಯಲ್ಲಿ ಇಂಗ್ಲಿಷ್ ಅತಿಯಾಯಿತೆಂದು ವೀಕ್ಷಕರು ಸಾಮಾಜಿಕ ಜಾಲತಾಣಗಳಲ್ಲಿ ಆಕ್ಷೇಪಿಸಿದರು. ಕಾರ್ಯಕ್ರಮದ ಹೆಸರೇ ಇಂಗ್ಲಿಷಿನಲ್ಲಿರುವಾಗ ಈ ಸಿಟ್ಟೇಕೆ ಎಂದು ಕೇಳಬಹುದು. ಆ ಆಕ್ಷೇಪದಲ್ಲಿ ವ್ಯಕ್ತಿನಿಂದೆಯ ಮಾತುಗಳನ್ನು ನಾವು ಒಪ್ಪುವುದಿಲ್ಲ. ಆದರೆ ಅದರ ಹಿಂದಿನ ನಿರೀಕ್ಷೆ ನ್ಯಾಯವಾದದ್ದು: ಕನ್ನಡಿಗರಿಗಾಗಿ ಹೇಳುವ ಜೀವನಕಥೆ ಕನ್ನಡಿಗರಿಗೆ ಅರ್ಥವಾಗಬೇಕು. ಇದೇ ಮಾನದಂಡವನ್ನು ನಮ್ಮ ಮಕ್ಕಳ ಮೇಲೆ ಕಠಿಣವಾಗಿ ಹೇರಬಾರದು. ವಾಸ್ಕೋದ ಮಗು ಕನ್ನಡ ವಾಕ್ಯದ ನಡುವೆ ಒಂದು ಕೊಂಕಣಿ ಪದ ಸೇರಿಸಿದರೆ ಅದು ಅಪರಾಧವಲ್ಲ. ಅದು ಬದುಕುವ ನೆಲದ ಗುರುತು.

ಈ ಕುರ್ಚಿಗೆ ಮಿತಿಯೂ ಇದೆ. ಅಲ್ಲಿ ಕೂರಲು ಮೊದಲು ಪ್ರಸಿದ್ಧರಾಗಿರಬೇಕು. ಕಷ್ಟ ಕಥೆಯಾಗುವುದು ಗೆಲುವಿನ ನಂತರವೇ. ಗೆಲುವು ಕಾಣದ ಕಷ್ಟಕ್ಕೆ ಅಲ್ಲಿ ಜಾಗವಿಲ್ಲ. ಗೋವಾದ ಕನ್ನಡಿಗರನ್ನು ಕನ್ನಡ ವಾಹಿನಿಗಳು ಹೆಚ್ಚಾಗಿ ನೆನೆಯುವುದು ಎರಡು ಸಂದರ್ಭಗಳಲ್ಲಿ: 2015ರಲ್ಲಿ ಬೈನಾದಲ್ಲಿ ಆದಂತೆ ಮನೆಗಳು ನೆಲಸಮವಾದಾಗ, ಇಲ್ಲವೇ ಮಹದಾಯಿ ವಿವಾದ ಭುಗಿಲೆದ್ದಾಗ. ಒಂದರಲ್ಲಿ ನಾವು ಸಂತ್ರಸ್ತರು, ಇನ್ನೊಂದರಲ್ಲಿ ಎರಡು ರಾಜ್ಯಗಳ ನಡುವೆ ಸಿಕ್ಕವರು. ಈ ರಾಜ್ಯದ ಕಟ್ಟಡಗಳನ್ನು ಕಟ್ಟಿದವರು, ರಸ್ತೆ ಹಾಸಿದವರು, ದಣಿದು ಬಂದ ಮೇಲೂ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದವರು ಎಂಬ ನಮ್ಮ ಮೂರನೆಯ ಮುಖ ತೆರೆಗೆ ಬಂದದ್ದು ವಿರಳ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಆದರೆ ತನ್ನ ಮನೆಯವರ ಬದುಕು ಹೇಳಲು ಯೋಗ್ಯವಾದದ್ದು ಎಂಬ ನಂಬಿಕೆಯನ್ನು ಯಾವ ವಿಧಿಯೂ ಮಗುವಿಗೆ ಕೊಡಲಾರದು. ಅದನ್ನು ಶಾಲೆ ಮತ್ತು ಮನೆ ಕೂಡಿ ಕೊಡಬೇಕು.

ಆದ್ದರಿಂದ ನಮ್ಮ ಸಲಹೆಗಳು ಎರಡು. ಮೊದಲನೆಯದು ಶಾಲೆಗಳಿಗೆ: ತಿಂಗಳಿಗೊಂದು ಶನಿವಾರ ತರಗತಿಯಲ್ಲಿ ಒಂದು ಕುರ್ಚಿ ಹಾಕಿ ಒಬ್ಬ ತಾಯಿಯನ್ನೋ, ತಂದೆಯನ್ನೋ, ಅಜ್ಜಿಯನ್ನೋ ಕೂರಿಸೋಣ. ಪ್ರಶ್ನೆಗಳನ್ನು ಮಕ್ಕಳೇ ಸಿದ್ಧಪಡಿಸಲಿ: ಯಾವ ಊರು, ಯಾವ ವರ್ಷ ಬಂದಿರಿ, ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಮೊದಲ ಕೂಲಿ ಎಷ್ಟು. ಉತ್ತರಗಳನ್ನು ಕನ್ನಡದಲ್ಲಿ ಬರೆದಿಡಲಿ. ಕೇಳುವ, ಆಲಿಸುವ, ಬರೆಯುವ ಮೂರೂ ಕೌಶಲಗಳು ಒಂದೇ ಗಂಟೆಯಲ್ಲಿ ಬೆಳೆಯುತ್ತವೆ. ಖರ್ಚು ಒಂದು ನೋಟ್‌ಪುಸ್ತಕ ಮಾತ್ರ. ಕೆಲಸ ತಪ್ಪಿಸಿ ಬರಲಾಗದ ಪಾಲಕರ ಬಳಿಗೆ ಮಕ್ಕಳೇ ಸಂಜೆ ಹೋಗಲಿ. ಎರಡನೆಯದು ಕರ್ನಾಟಕದ ವಾಹಿನಿಗಳಿಗೆ ಮತ್ತು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ: ಹೊರನಾಡ ಕನ್ನಡಿಗರ ಬದುಕಿನ ಒಂದು ಸರಣಿಯನ್ನು ರೂಪಿಸಿ. ಪುಸ್ತಕಗಳನ್ನೇ ಬಹುಮಾನವಾಗಿ ಕೊಡುವ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು 2002ರಿಂದ ನಡೆಸಿಕೊಂಡು ಬಂದ ಚಂದನ ವಾಹಿನಿಗೆ ಇದು ಅಸಾಧ್ಯವಲ್ಲ.

ಆ ಸರಣಿ ಬರುವವರೆಗೆ ಶಾಲೆಯ ಕೆಲಸ ಕಾಯಬೇಕಿಲ್ಲ. ಪಾಲಕರನ್ನು ನಾವು ಕೇಳುವುದು ಇಷ್ಟೇ: ನಿಮ್ಮ ಮಗು ಪೆನ್ನು ಹಿಡಿದು ಎದುರು ಕುಳಿತಾಗ, 'ನಮ್ಮದೇನು ಹೇಳುವಂಥದ್ದು' ಎಂದು ಅದನ್ನು ಎಬ್ಬಿಸಿ ಕಳಿಸಬೇಡಿ. ಹೇಳಿ, ಅದು ಬರೆದುಕೊಳ್ಳಲಿ.